ಪರರಾಜ್ಯದ ಹಳೆ ಜೀಪು

ಊರಿನ ಘಟ್ಟದ ದಾರಿಗೆಂದು ಪ್ರಾವಿಡೆಂಟ್ ಫಂಡಿನ ಹಣದಿಂದ ಪರರಾಜ್ಯದ ಹಳೆ ಜೀಪು ಕೊಳ್ಳುವ ಆಸೆ ನಮ್ಮ ಹೋಟೆಲು, ಗಿರಣಿ ಬಂಧುಗಳಲ್ಲಿ ಕೆಲವರಿಗಿದೆ. ಆಸೆ ತಪ್ಪಲ್ಲ; ಫೋಟೋ ನೋಡಿ ಮುಂಗಡ ಕಳಿಸುವುದು ತಪ್ಪು. ಹೊಸ ಬಣ್ಣಕ್ಕೆ ಮರುಳಾಗಬೇಡಿರಿ. ನಂಬಿಕೆಯ ಮೆಕ್ಯಾನಿಕನೊಡನೆ ಹೋಗಿ ಚಾಸಿಸಿನ ಅಡಿಯಲ್ಲಿ ತುಕ್ಕು, ಬೆಸುಗೆ ನೋಡಿರಿ. ನಾಲ್ಕು ಚಕ್ರದ ಗೇರು ಹಾಕಿಸಿ ಮಣ್ಣಿನ ಏರು ಹತ್ತಿಸಿರಿ. ಎಂಜಿನ್, ಚಾಸಿಸ್ ನಂಬರುಗಳನ್ನು ಆರ್.ಸಿ.ಯೊಡನೆ ತಾಳೆ ನೋಡಿರಿ. ಸಾಲ ತೀರಿದೆಯೇ ವಿಚಾರಿಸಿರಿ. 1988ರ ಮೋಟಾರು ವಾಹನ ಕಾಯಿದೆಯಂತೆ, 12 ತಿಂಗಳು ಮೀರಿ ಬೇರೆ ರಾಜ್ಯದಲ್ಲಿಡುವ ಗಾಡಿಗೆ ಅಲ್ಲಿಯ ನಂಬರು ಬೇಕು. ಅದಕ್ಕೆ ಹಳೆಯ ಆರ್.ಟಿ.ಓ. ಕಚೇರಿಯ ಎನ್.ಓ.ಸಿ. ಬೇಕು, ಊರಿನಲ್ಲಿ ರಸ್ತೆ ತೆರಿಗೆ ಕಟ್ಟಬೇಕು. ಇದೆಲ್ಲ ಕೂಡಿಸಿದರೇ ನಿಜವಾದ ಬೆಲೆ. ಕಾಗದ ಸರಿಯಿಲ್ಲದ ಜೀಪು ಎಷ್ಟೇ ಅಗ್ಗವಾದರೂ ಬೇಡ. ಬಂಧುಗಳೇ, ಇಪ್ಪತ್ತು ವರ್ಷದ ಬೆವರನ್ನು ಒಂದು ದಿನದ ಆತುರಕ್ಕೆ ಒಪ್ಪಿಸಬೇಡಿರಿ.