ಊರು ಬಿಟ್ಟರೂ ಬೆನ್ನು ಬಿಡದ ಬೆಟ್ಟಿಂಗ್

ಹಾವೇರಿ ಜಿಲ್ಲೆಯ ಶಿಗ್ಗಾಂವಿ ತಾಲೂಕಿನಲ್ಲಿ ಹುಲಗೂರು ಎಂಬ ಊರಿದೆ. ಸಂತ ಶಿಶುನಾಳ ಶರೀಫರ ತಂದೆ ಇಮಾಮ್ ಸಾಹೇಬರು ಗುರುವೆಂದು ನಂಬಿದ್ದ ಖಾದರಷಾ ಅವರ ಹೆಸರಿನೊಂದಿಗೆ ಬೆಸೆದುಕೊಂಡ ಊರು ಅದು. ಆ ಭಾಗದಿಂದ ದುಡಿಮೆ ಹುಡುಕಿಕೊಂಡು ಘಟ್ಟ ಇಳಿದು ನಮ್ಮ ಕರಾವಳಿಗೆ ಬರುವವರು ನಮಗೆ ಹೊಸಬರಲ್ಲ. ನಮ್ಮ ಮನೆಗಳ ಗೋಡೆ ಕಟ್ಟಿದವರಲ್ಲಿ, ರಸ್ತೆಗೆ ಜಲ್ಲಿ ಹಾಕಿದವರಲ್ಲಿ ಹಾವೇರಿ, ಗದಗ, ಕೊಪ್ಪಳದ ಕಡೆಯವರು ಎಷ್ಟೋ ಮಂದಿ. ನಮ್ಮ ಮಕ್ಕಳೂ ಅದೇ ರೀತಿ ಬೆಂಗಳೂರು, ಮುಂಬೈ, ಗಲ್ಫ್ ಎಂದು ಊರು ಬಿಟ್ಟು ಹೋಗುವವರೇ.

ಹೀಗೆ ಹೋಗಿಬರುವ ಒಬ್ಬ ಯುವಕನನ್ನು ನೆನೆಯೋಣ. ಎರಡು ತಿಂಗಳ ಸಂಬಳ ಕೈಗೆ ಬಂದಿದೆ. ರಾತ್ರಿಯ ಬಸ್ಸು, ಎಂಟು ಗಂಟೆಯ ದಾರಿ. ಪಕ್ಕದ ಸೀಟಿನವನ ಪರಿಚಯವಿಲ್ಲ. ಮೊಬೈಲಿನಲ್ಲಿ ಐಪಿಎಲ್ ಪಂದ್ಯ ನಡೆಯುತ್ತಿದೆ. ಮುಂದಿನ ಓವರಿನಲ್ಲಿ ಎಷ್ಟು ರನ್ ಬರಬಹುದು ಎಂದು ಹೇಳಿದರೆ ಹಣ ಎಂದು ಒಂದು ಆ್ಯಪ್ ಕರೆಯುತ್ತದೆ. ಮನೆಯಲ್ಲಾದರೆ ತಾಯಿ ಕೇಳುತ್ತಿದ್ದರು, ಹೆಂಡತಿ ನೋಡುತ್ತಿದ್ದಳು. ಬಸ್ಸಿನಲ್ಲಿ ಕೇಳುವವರಾರು?

ಪ್ರಯಾಣದಲ್ಲಿರುವವನ ಮೊಬೈಲಿಗೆ ಬಂದಿರುವ ಈ ಜೂಜಿನ ಕುರಿತು ಕಾನೂನು ಏನು ಹೇಳುತ್ತದೆ, ಹಣ ಎಲ್ಲಿಗೆ ಹೋಗುತ್ತದೆ, ಧರ್ಮಕೇಂದ್ರಗಳಲ್ಲಿ ಸೇವೆ ಮಾಡುವ ನಾವು ಏನು ಮಾಡಬಹುದು ಎಂಬುದನ್ನು ಇಲ್ಲಿ ಪರಿಶೀಲಿಸೋಣ.

ಶಿಗ್ಗಾಂವಿಯ ನಂಟು

ಕರ್ನಾಟಕದಲ್ಲಿ ಆನ್‌ಲೈನ್ ಬೆಟ್ಟಿಂಗ್ ನಿಷೇಧಿಸುವ ಮೊದಲ ದೊಡ್ಡ ಪ್ರಯತ್ನ ನಡೆದದ್ದು 2021ರಲ್ಲಿ. ಆಗ ಮುಖ್ಯಮಂತ್ರಿಯಾಗಿದ್ದ ಬಸವರಾಜ ಬೊಮ್ಮಾಯಿಯವರು ಹುಲಗೂರನ್ನು ಒಳಗೊಂಡ ಶಿಗ್ಗಾಂವಿ ತಾಲೂಕಿನ ಶಾಸಕರೇ ಆಗಿದ್ದರು. ಅವರ ಸರ್ಕಾರ 1963ರ ಕರ್ನಾಟಕ ಪೊಲೀಸ್ ಕಾಯ್ದೆಗೆ ತಿದ್ದುಪಡಿ ತಂದಿತು. ಹಣ ಕಟ್ಟಿ ಆಡುವ ಆನ್‌ಲೈನ್ ಆಟಗಳು ಕೌಶಲದ್ದಾಗಿರಲಿ, ಅದೃಷ್ಟದ್ದಾಗಿರಲಿ, ಅಪರಾಧವಾದವು. 3 ವರ್ಷದವರೆಗೆ ಜೈಲು, 1 ಲಕ್ಷ ರೂಪಾಯಿವರೆಗೆ ದಂಡ ಎಂದು ನಿಗದಿಯಾಯಿತು. ಆದರೆ ಲಾಟರಿ ಮತ್ತು ಕುದುರೆ ಜೂಜನ್ನು ಹೊರಗಿಡಲಾಯಿತು.

ಆ ಕಾನೂನು 2021ರ ಅಕ್ಟೋಬರ್ 5ರಂದು ಜಾರಿಗೆ ಬಂತು. ಎರಡೇ ದಿನಗಳಲ್ಲಿ ಬೆಂಗಳೂರಿನ ಟ್ಯಾಕ್ಸಿ ಚಾಲಕರೊಬ್ಬರು ಡ್ರೀಮ್ ಇಲೆವೆನ್ ವಿರುದ್ಧ ಪೊಲೀಸರಿಗೆ ದೂರು ಕೊಟ್ಟರು. ಆ ಸಂಸ್ಥೆ ರಾಜ್ಯದಲ್ಲಿ ತನ್ನ ಆಟವನ್ನು ನಿಲ್ಲಿಸಿತು. ಆದರೆ 2022ರ ಫೆಬ್ರುವರಿ 14ರಂದು ಹೈಕೋರ್ಟ್ ತಿದ್ದುಪಡಿಯ ಮುಖ್ಯ ಭಾಗಗಳನ್ನು ಸಂವಿಧಾನಬಾಹಿರವೆಂದು ರದ್ದುಪಡಿಸಿತು. ಕೌಶಲದ ಆಟವನ್ನೂ ಜೂಜನ್ನೂ ಒಂದೇ ತಕ್ಕಡಿಯಲ್ಲಿ ತೂಗಿದ್ದು ಸರಿಯಲ್ಲ, ಬೆಟ್ಟಿಂಗ್ ಮತ್ತು ಜೂಜಿನ ವಿರುದ್ಧ ಸಂವಿಧಾನಕ್ಕೆ ಹೊಂದುವ ಕಾನೂನು ತರಲು ಅಡ್ಡಿಯಿಲ್ಲ ಎಂಬುದು ತೀರ್ಪಿನ ಸಾರ. ಮೊಬೈಲುಗಳಲ್ಲಿ ಆಟ ಮತ್ತೆ ಆರಂಭವಾಯಿತು.

ಗಡಿ ದಾಟಿದರೆ ಕಾನೂನು ಬೇರೆ

ಮುಂದಿನ ಮೂರೂವರೆ ವರ್ಷ ವಿಚಿತ್ರ ಪರಿಸ್ಥಿತಿಯಿತ್ತು. ಕರ್ನಾಟಕದಲ್ಲಿ ಹಣ ಕಟ್ಟಿ ತಂಡ ರಚಿಸುವ ಆಟಕ್ಕೆ ಅವಕಾಶವಿತ್ತು. ತೆಲಂಗಾಣ 2017ರಲ್ಲೂ ಆಂಧ್ರಪ್ರದೇಶ 2020ರಲ್ಲೂ ಅಂಥ ಆಟಗಳನ್ನು ನಿಷೇಧಿಸಿದ್ದವು. ಹುಬ್ಬಳ್ಳಿಯಿಂದ ತಿರುಪತಿಗೋ ಹೈದರಾಬಾದಿಗೋ ರೈಲು ಹತ್ತಿದವನು ಗಡಿ ದಾಟಿದೊಡನೆ ಆ್ಯಪ್ ಅವನ ಸ್ಥಳವನ್ನು ಗುರುತಿಸಿ ಆಟ ತಡೆಯುತ್ತಿತ್ತು. ಮರಳಿ ಕರ್ನಾಟಕಕ್ಕೆ ಬಂದರೆ ಬಾಗಿಲು ತೆರೆಯುತ್ತಿತ್ತು. ಅದೇ ಮನುಷ್ಯ, ಅದೇ ಹಣ, ಅದೇ ಚಟ. ನಿಂತ ನೆಲ ಮಾತ್ರ ಬೇರೆ.

ಕರಾವಳಿಯ ನಮಗೆ ಈ ಗಡಿಯಾಟ ಹೊಸದಲ್ಲ. 2007ರಲ್ಲಿ ಕರ್ನಾಟಕ ಲಾಟರಿ ನಿಷೇಧಿಸಿದ ಮೇಲೆ ತಲಪಾಡಿ ದಾಟಿ ಕೇರಳ ಲಾಟರಿ ಕೊಂಡು ಬಂದವರು ನಮ್ಮ ನಡುವೆಯೇ ಇದ್ದಾರೆ. ಉತ್ತರಕ್ಕೆ ಹೋದರೆ ಗೋವಾ. 1976ರ ಗೋವಾ ಜೂಜು ಕಾಯ್ದೆಯ ತಿದ್ದುಪಡಿಗಳಿಂದಾಗಿ ಅಲ್ಲಿ ಕ್ಯಾಸಿನೋಗಳಿಗೆ ಪರವಾನಗಿ ಇದೆ. ಆದರೆ 2020ರ ಫೆಬ್ರುವರಿಯಿಂದ ಗೋವಾ ಸರ್ಕಾರ ತನ್ನ ರಾಜ್ಯದ ಜನರೇ ಜೂಜಾಡಲು ಕ್ಯಾಸಿನೋದೊಳಗೆ ಹೋಗುವುದನ್ನು ನಿಷೇಧಿಸಿತು. ಇದರ ಅರ್ಥವೇನು? ತನ್ನ ಮನೆಯ ಮಕ್ಕಳಿಗೆ ಒಳ್ಳೆಯದಲ್ಲವೆಂದು ಗೊತ್ತಿದ್ದೂ ಪ್ರವಾಸಿಯ ಜೇಬಿಗೆ ಅದು ಆದೀತು ಎಂಬ ಲೆಕ್ಕ. ಜೂಜಿನ ವ್ಯಾಪಾರ ಎಂದಿನಿಂದಲೂ ಊರು ಬಿಟ್ಟು ಬಂದವನನ್ನೇ ಕಾಯುತ್ತದೆ.

2025ರ ಕೇಂದ್ರ ಕಾಯ್ದೆ

2025ರ ಆಗಸ್ಟ್ 20ರಂದು ಲೋಕಸಭೆ, ಮರುದಿನ ರಾಜ್ಯಸಭೆ ಆನ್‌ಲೈನ್ ಗೇಮಿಂಗ್ ಉತ್ತೇಜನ ಮತ್ತು ನಿಯಂತ್ರಣ ಮಸೂದೆಯನ್ನು ಅಂಗೀಕರಿಸಿದವು. ಆಗಸ್ಟ್ 22ರಂದು ರಾಷ್ಟ್ರಪತಿಗಳ ಅಂಕಿತ ಬಿತ್ತು. ಹಣ ಕಟ್ಟಿ ಹಣ ಗೆಲ್ಲುವ ಯಾವುದೇ ಆನ್‌ಲೈನ್ ಆಟವನ್ನು, ಅದು ಕೌಶಲದ್ದೇ ಇರಲಿ ಅದೃಷ್ಟದ್ದೇ ಇರಲಿ, ಈ ಕಾಯ್ದೆ ದೇಶವಿಡೀ ನಿಷೇಧಿಸುತ್ತದೆ. ಹೊರದೇಶದಿಂದ ನಡೆಸಿ ಭಾರತದಲ್ಲಿ ಆಡಿಸುವ ಆಟಗಳಿಗೂ ಅನ್ವಯಿಸುತ್ತದೆ. ಆಟ ನಡೆಸುವವರಿಗೆ 3 ವರ್ಷದವರೆಗೆ ಜೈಲು ಮತ್ತು 1 ಕೋಟಿ ರೂಪಾಯಿವರೆಗೆ ದಂಡ; ಜಾಹೀರಾತು ನೀಡುವವರಿಗೆ 2 ವರ್ಷ ಮತ್ತು 50 ಲಕ್ಷ. ಆಡಿದವನನ್ನು ಈ ಕಾಯ್ದೆ ಅಪರಾಧಿ ಎನ್ನದೆ ನೊಂದವನೆಂದು ಕಾಣುತ್ತದೆ. ಇದು ಗಮನಿಸಬೇಕಾದ ಅಂಶ.

ಸುಮಾರು 45 ಕೋಟಿ ಜನ ಇಂಥ ಆಟಗಳಲ್ಲಿ ವರ್ಷಕ್ಕೆ 20,000 ಕೋಟಿ ರೂಪಾಯಿ ಕಳೆದುಕೊಳ್ಳುತ್ತಾರೆ ಎಂಬುದು ಆಗ ಸರ್ಕಾರದ ಕಡೆಯಿಂದ ಬಂದ ಅಂದಾಜು. ಡ್ರೀಮ್ ಇಲೆವೆನ್, ಎಂಪಿಎಲ್ ಮುಂತಾದವು ಕೂಡಲೇ ಹಣದ ಆಟಗಳನ್ನು ನಿಲ್ಲಿಸಿದವು. ಭಾರತ ಕ್ರಿಕೆಟ್ ತಂಡದ ಅಂಗಿಯ ಮೇಲಿದ್ದ ಡ್ರೀಮ್ ಇಲೆವೆನ್ ಹೆಸರು ಅಳಿಯಿತು. ಕಾಯ್ದೆಯ ವಿರುದ್ಧ ಮೊದಲು ಕರ್ನಾಟಕ ಹೈಕೋರ್ಟಿನ ಕದ ತಟ್ಟಲಾಯಿತು. 2025ರ ಸೆಪ್ಟೆಂಬರ್‌ನಲ್ಲಿ ಸುಪ್ರೀಂ ಕೋರ್ಟ್ ಬೇರೆ ಬೇರೆ ಹೈಕೋರ್ಟುಗಳಲ್ಲಿದ್ದ ಇಂಥ ಅರ್ಜಿಗಳನ್ನು ತನ್ನಲ್ಲಿಗೆ ವರ್ಗಾಯಿಸಿಕೊಂಡಿತು.

ಕಾಯ್ದೆಗೆ ಅಂಕಿತ ಬಿದ್ದ ಮರುದಿನವೇ ಇನ್ನೊಂದು ಸುದ್ದಿ ಬಂತು. ಚಿತ್ರದುರ್ಗದ ಶಾಸಕ ಕೆ.ಸಿ. ವೀರೇಂದ್ರ ಅವರನ್ನು ಅಕ್ರಮ ಬೆಟ್ಟಿಂಗ್ ಪ್ರಕರಣದಲ್ಲಿ ಜಾರಿ ನಿರ್ದೇಶನಾಲಯ ಸಿಕ್ಕಿಂನ ಗ್ಯಾಂಗ್ಟಕ್‌ನಲ್ಲಿ ಬಂಧಿಸಿತು. ಶೋಧದಲ್ಲಿ ಸುಮಾರು 12 ಕೋಟಿ ರೂಪಾಯಿ ನಗದು ಸಿಕ್ಕಿತೆಂದು ಇಲಾಖೆ ತಿಳಿಸಿತ್ತು. ಆರೋಪದ ಸತ್ಯಾಸತ್ಯತೆಯನ್ನು ತೀರ್ಮಾನಿಸಬೇಕಾದುದು ನ್ಯಾಯಾಲಯ. ಆದರೆ ಚಿತ್ರದುರ್ಗ, ಗೋವಾ, ಗ್ಯಾಂಗ್ಟಕ್, ದುಬೈ ಎಂದು ತನಿಖೆ ಹರಡಿಕೊಂಡ ರೀತಿಯೇ ಈ ವ್ಯವಹಾರದ ವ್ಯಾಪ್ತಿಯನ್ನು ತೋರಿಸುತ್ತದೆ.

ಮುಂಬಾಗಿಲು ಮುಚ್ಚಿದರೆ ಹಿಂಬಾಗಿಲು

ಹೆಸರುವಾಸಿ ಆ್ಯಪ್‌ಗಳು ಬಾಗಿಲು ಮುಚ್ಚಿದರೂ ಕಳ್ಳ ಆ್ಯಪ್‌ಗಳು ಹೋಗಿಲ್ಲ. ವಾಟ್ಸಾಪ್ ಅಥವಾ ಟೆಲಿಗ್ರಾಮಿನಲ್ಲಿ ಒಂದು ಲಿಂಕ್ ಬರುತ್ತದೆ. ಏಜೆಂಟನೊಬ್ಬ 'ಐಡಿ' ಮಾಡಿಕೊಡುತ್ತಾನೆ. ಯುಪಿಐ ಮೂಲಕ ಕಟ್ಟುವ ಹಣ ಹೋಗುವುದು ಕಂಪನಿಯ ಖಾತೆಗಲ್ಲ. ಯಾರೋ ಬಡ ಕೂಲಿಯವನ, ವಿದ್ಯಾರ್ಥಿಯ ಹೆಸರಿನಲ್ಲಿ ತೆರೆದ ಬಾಡಿಗೆ ಖಾತೆಗೆ. 2023ರ ನವೆಂಬರ್ 5ರಂದು ಮಹಾದೇವ್ ಬುಕ್ ಸೇರಿ 22 ಆ್ಯಪ್ ಹಾಗೂ ಜಾಲತಾಣಗಳನ್ನು ಕೇಂದ್ರ ಸರ್ಕಾರ ತಡೆಹಿಡಿಯಿತು. 2022ರಿಂದ 2025ರ ಜೂನ್‌ವರೆಗೆ ಹೊರಟ ತಡೆ ಆದೇಶಗಳು 1,524. ಒಂದನ್ನು ಮುಚ್ಚಿದರೆ ಹೆಸರಿನ ಒಂದಕ್ಷರ ಬದಲಿಸಿ ಇನ್ನೊಂದು ಹುಟ್ಟುತ್ತದೆ.

ಇಲ್ಲಿ ಪ್ರಯಾಣಿಕನಿಗೆ ಇನ್ನೊಂದು ಮೋಸವೂ ಇದೆ. ನಾವು ಮೊಬೈಲಿನಲ್ಲಿ ನೋಡುವ 'ನೇರ ಪ್ರಸಾರ' ನಿಜವಾಗಿ ಹಲವು ಸೆಕೆಂಡು ತಡ. ಶಿರಸಿ ದಾಟಿ ದೇವಿಮನೆ ಘಟ್ಟ ಇಳಿಯುವಾಗ ನೆಟ್‌ವರ್ಕ್ ಬಂದು ಹೋಗಿ ಮಾಡುವಲ್ಲಿ ಇನ್ನೂ ತಡ. ನಮ್ಮ ಕಣ್ಣಿಗೆ ಬೌಲರ್ ಇನ್ನೂ ಓಡಿ ಬರುತ್ತಿರುವಾಗ ಮೈದಾನದಲ್ಲಿ ವಿಕೆಟ್ ಬಿದ್ದಾಗಿರುತ್ತದೆ. ಅದು ಆ್ಯಪ್ ನಡೆಸುವವನಿಗೆ ಮೊದಲೇ ಗೊತ್ತು.

ಮೋಸವಿಲ್ಲದಿದ್ದರೂ ಲೆಕ್ಕ ನಮ್ಮ ಕಡೆಗಿಲ್ಲ. ಸಮಬಲದ ಎರಡು ತಂಡಗಳಿದ್ದಾಗ ಎರಡರ ಮೇಲೂ ಬುಕ್ಕಿ 1,000 ರೂಪಾಯಿಗೆ 1,900 ಕೊಡುತ್ತೇನೆ ಎನ್ನುತ್ತಾನೆ ಎಂದಿಟ್ಟುಕೊಳ್ಳಿ. ಹತ್ತು ಸಲ ಕಟ್ಟಿ ಐದು ಸಲ ಗೆದ್ದರೆ ಕಟ್ಟಿದ್ದು 10,000, ಬಂದದ್ದು 9,500. ಅರ್ಧಕ್ಕರ್ಧ ಸರಿ ಹೇಳಿದವನಿಗೂ 500 ನಷ್ಟ. ಸೋತದ್ದನ್ನು ಊರು ತಲುಪುವುದರೊಳಗೆ ಮರಳಿ ಪಡೆಯಬೇಕೆಂದು ದುಪ್ಪಟ್ಟು ಕಟ್ಟಿದರೆ ಬಸ್ಸು ಕುಮಟಾ ತಲುಪುವಾಗ ಸಂಬಳ ಮುಗಿದಿರುತ್ತದೆ.

ವಿದೇಶದಲ್ಲಿರುವ ನಮ್ಮವರು

'ಇಲ್ಲಿ ಕಾನೂನುಬದ್ಧವಾಗಿದೆಯಲ್ಲ' ಎಂದು ವಿದೇಶಕ್ಕೆ ಹೋದವರು ಹೇಳುವುದುಂಟು. ಬ್ರಿಟನ್ನಿನಲ್ಲಿ ಪರವಾನಗಿ ಪಡೆದ ಬೆಟ್ಟಿಂಗ್ ಆ್ಯಪ್‌ಗಳಿರುವುದು ನಿಜ. ಆದರೆ ಭಾರತದ ನಿವಾಸಿ ಪ್ರವಾಸಕ್ಕೆ ಹೋಗಿ ತನ್ನ ಇಲ್ಲಿನ ಖಾತೆಯ ಹಣ ಕಟ್ಟುವ ಮೊದಲು ಯೋಚಿಸಬೇಕು. ವಿದೇಶಿ ವಿನಿಮಯಕ್ಕೆ ಸಂಬಂಧಿಸಿದ 2000ದ ನಿಯಮಗಳಲ್ಲಿ ನಿಷೇಧಿತ ಪಾವತಿಗಳ ಪಟ್ಟಿಯೇ ಇದೆ. ಲಾಟರಿ ಟಿಕೆಟ್, ಫುಟ್‌ಬಾಲ್ ಪೂಲ್, ಸ್ವೀಪ್‌ಸ್ಟೇಕ್ ಮುಂತಾದವುಗಳಿಗೆ ಭಾರತದಿಂದ ಹಣ ಕಳುಹಿಸುವಂತಿಲ್ಲ ಎಂದು ಅದರಲ್ಲಿ ಹೇಳಿದೆ.

ಗಲ್ಫ್ ದೇಶಗಳ ವಿಷಯ ಇನ್ನೂ ಗಂಭೀರ. ಸೌದಿ, ಕುವೈತ್, ಕತಾರ್‌ಗಳಲ್ಲಿ ಜೂಜು ಅಪರಾಧ. ಯುಎಇಯಲ್ಲಿ ಸರ್ಕಾರ ಪರವಾನಗಿ ನೀಡಿದ ಕೆಲವನ್ನು ಬಿಟ್ಟರೆ ಉಳಿದದ್ದು ಕಾನೂನುಬಾಹಿರ. ವಿಪಿಎನ್ ಹಾಕಿಕೊಂಡರೆ ಯಾರಿಗೂ ತಿಳಿಯದು ಎಂಬ ನಂಬಿಕೆ ಬೇಡ. ಅಪರಾಧ ಮಾಡಲು ಅಥವಾ ಮುಚ್ಚಿಡಲು ಕಂಪ್ಯೂಟರ್ ವಿಳಾಸ ಮರೆಸಿದವರಿಗೆ ಅಲ್ಲಿನ 2021ರ ಸೈಬರ್ ಕಾನೂನಿನಡಿ 5 ಲಕ್ಷದಿಂದ 20 ಲಕ್ಷ ದಿರ್ಹಮ್‌ವರೆಗೆ ದಂಡ ವಿಧಿಸಬಹುದು. ಕೆಲಸವೂ ಹೋಗಿ, ವೀಸಾವೂ ರದ್ದಾದರೆ ಸಾಲ ಮಾಡಿ ಕಳುಹಿಸಿದ ಮನೆಯವರ ಗತಿಯೇನು?

ಅನುಮತಿ ನೀಡಿದ ದೇಶಗಳೂ ಕೈಕಟ್ಟಿ ಕುಳಿತಿಲ್ಲ. ಕ್ರೆಡಿಟ್ ಕಾರ್ಡಿನಿಂದ ಜೂಜಾಡುವುದನ್ನು ಬ್ರಿಟನ್ 2020ರಲ್ಲಿ ನಿಷೇಧಿಸಿತು. ಆಸ್ಟ್ರೇಲಿಯಾ 2024ರಲ್ಲಿ ಆನ್‌ಲೈನ್ ಬೆಟ್ಟಿಂಗಿಗೆ ಅದೇ ನಿರ್ಬಂಧ ಹೇರಿತು. ಸಾಲ ಮಾಡಿ ಜೂಜಾಡುವುದೇ ಸಂಸಾರ ಮುಳುಗುವ ದಾರಿ ಎಂಬ ಅನುಭವ ಎಲ್ಲ ಕಡೆಯದೂ ಒಂದೇ.

ನಮ್ಮ ಅಂಗಳವನ್ನೂ ನೋಡೋಣ

ಆಟದಲ್ಲಿ ಪಣ ಒಡ್ಡುವುದೇ ಪಾಪವೆಂದು ಕಥೋಲಿಕ ಧರ್ಮೋಪದೇಶ ಹೇಳುವುದಿಲ್ಲ. ತನ್ನ ಮತ್ತು ಅವಲಂಬಿತರ ಬದುಕಿಗೆ ಬೇಕಾದುದನ್ನು ಅದು ಕಸಿದುಕೊಂಡಾಗ ತಪ್ಪಾಗುತ್ತದೆ, ಅದರ ಮೋಹ ಮನುಷ್ಯನನ್ನು ಗುಲಾಮನನ್ನಾಗಿಸಬಲ್ಲದು ಎಂದು ಎಚ್ಚರಿಸುತ್ತದೆ. ಈ ಮಾತು ಹೇಳುವಾಗ ನಾವು ಪ್ರಾಮಾಣಿಕರಾಗಿರಬೇಕು. ಹಬ್ಬದ ಹೌಸಿ ಹೌಸಿ, ಲಕ್ಕಿ ಡ್ರಾ ನಮ್ಮಲ್ಲಿಯೂ ಇವೆ. ಇಪ್ಪತ್ತು ರೂಪಾಯಿಯ ಚೀಟಿಗೂ ರಾತ್ರಿಯಿಡೀ ಎಳೆಯುವ ಆ್ಯಪ್‌ಗೂ ಅಜಗಜಾಂತರವಿದೆ, ನಿಜ. ಆದರೂ ಬಹುಮಾನದ ಮೊತ್ತ ವರ್ಷದಿಂದ ವರ್ಷಕ್ಕೆ ಏರುತ್ತಿದ್ದರೆ, ಮಕ್ಕಳ ಕೈಯಲ್ಲೂ ಚೀಟಿ ಕಾಣುತ್ತಿದ್ದರೆ ಪಾಲನಾ ಪರಿಷತ್ತು ಅದರ ಬಗ್ಗೆ ಮಾತಾಡುವುದು ಒಳ್ಳೆಯದು. ಮೊದಲು ಮನೆ ಗುಡಿಸಿದರೆ ಮಾತಿಗೆ ತೂಕ ಬರುತ್ತದೆ.

ವಾರ್ಡುಗಳ ಗುರಿಕಾರರು, ಯುವ ಸಂಘಟನೆಗಳು, ಸ್ತ್ರೀ ಸಂಘಟನೆಗಳು ಮಾಡಬಹುದಾದ ಕೆಲಸಗಳಿವೆ. ದೂರದ ಊರಿಗೆ ಹೊರಟ ಯುವಕ ಯುವತಿಯರನ್ನು ಕರೆದು ಈ ಕಾನೂನುಗಳನ್ನು ತಿಳಿಸಬಹುದು. ಬ್ಯಾಂಕ್ ಖಾತೆಯನ್ನೋ ಸಿಮ್ ಕಾರ್ಡನ್ನೋ ಎರಡು ಸಾವಿರ ರೂಪಾಯಿ ಆಸೆಗೆ ಯಾರಿಗೂ ಕೊಡಬಾರದೆಂದು ಎಚ್ಚರಿಸಬೇಕು. ಅಂಥ ಖಾತೆಯಲ್ಲಿ ವಂಚನೆಯ ಹಣ ಓಡಾಡಿದರೆ ಪೊಲೀಸರು ಮೊದಲು ಬರುವುದು ಖಾತೆದಾರನ ಮನೆಗೆ. ಹಣ ಹೋದ ಕೂಡಲೇ 1930ಕ್ಕೆ ಕರೆ ಮಾಡಿದರೆ ಖಾತೆಯಿಂದ ಖಾತೆಗೆ ಹೋಗುವ ಮುನ್ನ ತಡೆಯುವ ಸಾಧ್ಯತೆ ಇರುತ್ತದೆ. ನಾಚಿಕೆಯಿಂದ ಎರಡು ದಿನ ಕಾದರೆ ಆ ಅವಕಾಶ ಕೈತಪ್ಪುತ್ತದೆ.

ಚಟ ಅಂಟಿದವರನ್ನು ಬೈದು ಫಲವಿಲ್ಲ. ಜೂಜಿನ ಗೀಳನ್ನು ವಿಶ್ವ ಆರೋಗ್ಯ ಸಂಸ್ಥೆ ಕಾಯಿಲೆಗಳ ಪಟ್ಟಿಯಲ್ಲಿ ಸೇರಿಸಿದೆ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ತಂತ್ರಜ್ಞಾನದ ಗೀಳಿಗೆಂದೇ 2014ರಿಂದ ವಿಶೇಷ ಚಿಕಿತ್ಸಾಲಯವಿದೆ. ಹುಲಗೂರಿನ ಕಡೆಯವರಿಗೆ ಧಾರವಾಡದ ಮಾನಸಿಕ ಆರೋಗ್ಯ ಸಂಸ್ಥೆ ಡಿಮ್ಹಾನ್ಸ್ ಹತ್ತಿರ. 2022ರಲ್ಲಿ ಆರಂಭವಾದ ಟೆಲಿ ಮನಸ್ ಸಹಾಯವಾಣಿ 14416ಕ್ಕೆ ದಾರಿಯ ಮಧ್ಯದಿಂದಲೂ ಕರೆ ಮಾಡಬಹುದು, ಕನ್ನಡದಲ್ಲೇ ಮಾತಾಡಬಹುದು.

ಕೊನೆಯದಾಗಿ ಒಂದು ಮಾತು. ಕೆಲಸಕ್ಕೆಂದು ನಮ್ಮ ಊರಿಗೆ ಬಂದ ಘಟ್ಟದ ಮೇಲಿನ ಯುವಕನನ್ನು ಹೆಸರು ಹಿಡಿದು ಕರೆಯುವವರು ಇಲ್ಲಿ ಎಷ್ಟು ಮಂದಿ ಇದ್ದಾರೆ? ಭಾನುವಾರ ಅವನಿಗೆ ಆಡಲು ನಮ್ಮ ಶಾಲೆಯ ಮೈದಾನ ತೆರೆದಿರುತ್ತದೆಯೇ? ಗಲ್ಫ್‌ನಲ್ಲಿರುವ ನಮ್ಮ ಮಗನೊಡನೆ ನಾವು ವಾರಕ್ಕೊಮ್ಮೆ ಹಣದ ವಿಷಯ ಬಿಟ್ಟು ಬೇರೇನಾದರೂ ಮಾತಾಡುತ್ತೇವೆಯೇ? ಕಾನೂನು ಆ್ಯಪ್‌ಗಳನ್ನು ಮುಚ್ಚಬಲ್ಲದು. ಪರಊರಿನಲ್ಲಿ ಒಬ್ಬನೇ ಕುಳಿತವನ ಬೇಸರವನ್ನು ಮುಚ್ಚಲಾರದು. ಅದು ನಮ್ಮಿಂದಲೇ ಆಗಬೇಕಾದ ಕೆಲಸ. ಈ ವಾರದ ವಾರ್ಡ್ ಸಭೆಯಲ್ಲಿಯೇ ಈ ವಿಷಯ ಎತ್ತಿದರೆ ಅದು ಒಳ್ಳೆಯ ಆರಂಭವಾದೀತು.