ಕಲ್ಲುಬೆಂಚು ಕಿತ್ತವರ ಸೌಹಾರ್ದ ದಿನ

ಮಾನ್ಯ ಸಂಪಾದಕರೆ,

ಕಳೆದ ಸೋಮವಾರದ ತಮ್ಮ ಪತ್ರಿಕೆಯ ನಗರಪುಟದಲ್ಲಿ ನಮ್ಮ ಬಡಾವಣೆಯ ನಿವಾಸಿಗಳ ಸಂಘವು ಆಚರಿಸಿದ 'ನೆರೆಹೊರೆ ಸೌಹಾರ್ದ ದಿನ'ದ ವರದಿಯೂ, ಪದಾಧಿಕಾರಿಗಳು ಸಾಲಾಗಿ ನಿಂತು ಬಲೂನುಗಳನ್ನು ಹಾರಿಬಿಡುತ್ತಿರುವ ಛಾಯಾಚಿತ್ರವೂ ಪ್ರಕಟವಾದುದನ್ನು ಕಂಡೆನು. ಆದರೆ ಅದಕ್ಕೆ ಕೆಲವೇ ದಿನಗಳ ಹಿಂದೆ ಇದೇ ಸಂಘದವರು ಬೀದಿಯ ಮೂಲೆಯ ಕಾಲುದಾರಿಯಲ್ಲಿ ಹೊಂಗೆಮರದಡಿಯಿದ್ದ ಮೂರು ಕಲ್ಲುಬೆಂಚುಗಳನ್ನು ಬೆಳಗಾಗುವುದರೊಳಗೆ ಕೀಳಿಸಿ ಸಾಗಿಸಿದ ಸಂಗತಿಗೆ ಆ ವರದಿಯಲ್ಲಿ ಒಂದು ಪಂಕ್ತಿಯಷ್ಟೂ ಸ್ಥಳ ದೊರೆಯದೆ ಹೋದುದನ್ನು ಕಂಡು, ಈ ಪತ್ರವನ್ನು ಬರೆಯದೆ ಇರಲಾರದಾದೆನು.

ಬೆಂಚುಗಳನ್ನು ಕೀಳಿಸಿದುದಕ್ಕೆ 'ಹೊರಗಿನವರು ಬಂದು ಕೂಡುತ್ತಾರೆ' ಎಂಬುದೊಂದೇ ಸಂಘವು ಕೊಟ್ಟ ಕಾರಣ. ಆ ಹೊರಗಿನವರು ಯಾರು, ಸ್ವಾಮಿ? ನಸುಕಿನಲ್ಲಿ ನಮ್ಮ ಬೀದಿಯನ್ನೇ ಗುಡಿಸಿ ಬಂದು ಚಹ ಕುಡಿಯುತ್ತಿದ್ದ ಪೌರಕಾರ್ಮಿಕ ಹೆಂಗಸರು. ಒಂದು ಮನೆಯ ಪಾತ್ರೆ ತಿಕ್ಕಿ ಮುಗಿಸಿ ಮತ್ತೊಂದು ಮನೆಯ ಬಾಗಿಲು ತೆರೆಯುವವರೆಗೆ ಕಾಯುತ್ತಿದ್ದ ಮನೆಗೆಲಸದವರು. ಬುಟ್ಟಿಯನ್ನು ಪಕ್ಕದಲ್ಲಿರಿಸಿಕೊಂಡು ಮಲ್ಲಿಗೆ ಕಟ್ಟುತ್ತಿದ್ದ ಹೂವಿನಾಕೆ. ಮಧ್ಯಾಹ್ನದ ಬಿಸಿಲಿಗೆ ಹೆಲ್ಮೆಟ್ ಕಳಚಿ, ಊರಿಗೆಲ್ಲ ಊಟ ಹಂಚಿದ ಮೇಲೆ ತಮ್ಮ ಡಬ್ಬಿ ಬಿಚ್ಚುತ್ತಿದ್ದ ಡೆಲಿವರಿ ಹುಡುಗರು. ಇವರ ನಡುನಡುವೆ, ಒಂದೇ ಪತ್ರಿಕೆಯನ್ನು ಹಾಳೆಹಾಳೆಯಾಗಿ ಹಂಚಿಕೊಂಡು ಓದುತ್ತಿದ್ದ ನನ್ನಂತಹ ನಿವೃತ್ತರೂ, ದೇವಸ್ಥಾನದಿಂದ ಮರಳುವಾಗ ಮಂಡಿನೋವಿನ ನೆಪದಲ್ಲಿ ಕುಳಿತು ಕತ್ತಲಾಗುವವರೆಗೂ ಮಾತನಾಡುತ್ತಿದ್ದ ಅಜ್ಜಿಯರೂ ಇದ್ದೆವು. ಆ ಬೆಂಚುಗಳಲ್ಲೊಂದು, ನಮ್ಮ ಬೀದಿಯ ಕುಟುಂಬವೊಂದು ದಿವಂಗತರಾದ ತಂದೆಯವರ ಜ್ಞಾಪಕಾರ್ಥವಾಗಿ ಕೊಟ್ಟುದು. ಕೆತ್ತಿದ ಹೆಸರು ಈಗ ಸಂಘದ ಕಚೇರಿಯ ಹಿಂಬದಿಯ ಗೋಡೆಗೆ ಮುಖಮಾಡಿ ಬಿದ್ದಿದೆ.

ಕಳೆದ ಮಳೆಗಾಲದಲ್ಲಿ, ಮಕ್ಕಳೆಲ್ಲ ಪರದೇಶದಲ್ಲಿರುವ ವೃದ್ಧರೊಬ್ಬರು ಸ್ನಾನದ ಮನೆಯಲ್ಲಿ ಜಾರಿ ಬಿದ್ದು ಏಳಲಾರದೆ ಇದ್ದಾಗ, ಹಿಂದಿನ ದಿನದ ಹೂವಿನ ಚೀಲವು ಗೇಟಿನಲ್ಲಿ ಹಾಗೆಯೇ ನೇತಾಡುತ್ತಿರುವುದನ್ನು ಕಂಡು, ಬೆಂಚಿನ ಬಳಿಗೆ ಓಡಿಬಂದು ನಮ್ಮನ್ನು ಎಬ್ಬಿಸಿಕೊಂಡು ಹೋಗಿ ಬಾಗಿಲು ಒಡೆಸಿದವಳು ಆ ಹೂವಿನಾಕೆಯೇ ಹೊರತು ಸಂಘದ ಯಾವ ಪದಾಧಿಕಾರಿಯೂ ಅಲ್ಲ. ನಮ್ಮೆಲ್ಲರ ವಂತಿಗೆಯಿಂದ ಸಂಘವು ಪ್ರತಿಷ್ಠಾಪಿಸಿದ ಸಿಸಿಟಿವಿ ಕ್ಯಾಮೆರಾ ಅದೇ ಗೇಟನ್ನು ಹಗಲಿರುಳೂ ಎವೆಯಿಕ್ಕದೆ ನೋಡುತ್ತಲೇ ಇದ್ದಿತು. ವಾಟ್ಸ್ಆ್ಯಪ್ ಗುಂಪಿನಲ್ಲಿಯೂ ಆ ಎರಡು ದಿನ ಶುಭೋದಯದ ಸಂದೇಶಗಳಿಗೆ ಯಾವ ಕೊರತೆಯೂ ಇರಲಿಲ್ಲ.

ಇನ್ನು ಸೌಹಾರ್ದ ದಿನದ ವೈಭವ! ನೆರೆಯವರನ್ನು ನೆರೆಯವರಿಗೆ ಪರಿಚಯಿಸುವುದಕ್ಕಾಗಿ ನಿರೂಪಕಿಯೊಬ್ಬರನ್ನು ಬಾಡಿಗೆಗೆ ತರಿಸಿದ್ದರು. ಆಕೆಗೆ ನಮ್ಮ ಬಡಾವಣೆಯ ಹೆಸರೇ ಎರಡು ಬಾರಿ ತಪ್ಪಿತು. ಪ್ರವೇಶದ್ವಾರದಲ್ಲಿ ಕಾವಲಿನವನು ಮನೆಯ ಸಂಖ್ಯೆಯನ್ನು ಕೇಳಿ, ನಿರ್ವಹಣಾ ಶುಲ್ಕದ ಬಾಕಿಯಿದ್ದವರನ್ನು ಪಕ್ಕಕ್ಕೆ ನಿಲ್ಲಿಸಿ, ಉಳಿದವರ ಕೈಗೆ ಊಟದ ಕೂಪನ್ನು ಕೊಡುತ್ತಿದ್ದನು. 'ಆದರ್ಶ ನೆರೆಯವರು' ಎಂಬ ಪಾರಿತೋಷಕವು ಸಂಘದ ಖಜಾಂಚಿಯವರಿಗೇ ಸಂದಿತೆಂಬುದನ್ನು ಕೇಳಿ ಯಾರೂ ಮೂರ್ಛೆಹೋಗಲಿಲ್ಲ. ಬೀದಿಯನ್ನು ಗುಡಿಸುವವರಿಗೆ ಆಮಂತ್ರಣವಿರಲಿಲ್ಲ. ಮರುದಿನ ಬಾಳೆಯೆಲೆ, ಪ್ಲಾಸ್ಟಿಕ್ ಲೋಟಗಳನ್ನು ಬಾಚುವ ಸೌಭಾಗ್ಯ ಮಾತ್ರ ಅವರದಾಯಿತು. ಬೆಂಚುಗಳನ್ನು ಕಿತ್ತವರಿಗೆ ಸೌಹಾರ್ದವನ್ನು ಕುರಿತು ಮಾತನಾಡಲು ನಾಲಗೆಯಾದರೂ ಹೇಗೆ ಹೊರಳಿತು?

ಬೆಂಗಳೂರಿಗೆ ನೆರೆಹೊರೆಯೆಂಬುದನ್ನು ಉಪನ್ಯಾಸ ಮಾಡಿ ಕಲಿಸಬೇಕಾಗಿರಲಿಲ್ಲ. 1898ರ ಪ್ಲೇಗಿನ ತರುವಾಯ ಪೇಟೆಯ ಇಕ್ಕಟ್ಟನ್ನು ಬಿಟ್ಟು ಬಸವನಗುಡಿ, ಮಲ್ಲೇಶ್ವರಗಳಿಗೆ ಬಂದು ನೆಲಸಿದವರೂ ಪರಸ್ಪರ ಅಪರಿಚಿತರೇ ಆಗಿದ್ದಿರಬೇಕು. ಜಗಲಿಯ ಮೇಲೆ ಕುಳಿತು, ರಾಮನವಮಿಗೆ ದಾರಿಹೋಕರನ್ನು ಕೂಗಿ ಕರೆದು ಪಾನಕ ಕೋಸಂಬರಿಗಳನ್ನು ಕೊಟ್ಟು, ಹಾಗೆಯೇ ಪರಿಚಿತರಾದರು. 1939ರಲ್ಲಿ ಚಾಮರಾಜಪೇಟೆಯಲ್ಲಿ ಸ್ಥಾಪಿತವಾದ ಶ್ರೀ ರಾಮಸೇವಾ ಮಂಡಳಿಯ ಸಂಗೀತೋತ್ಸವದಲ್ಲಿ, ಟಿಕೆಟು ಕೊಳ್ಳಲಾರದವರು ಚಪ್ಪರದ ಹೊರಗೆ ಕುಳಿತು ತಾಳಹಾಕುತ್ತಿದ್ದುದನ್ನು ನಾನೇ ಬಲ್ಲೆನು. ಅವರನ್ನು ಹೊರಗಿನವರೆಂದು ಎಬ್ಬಿಸಿ ಕಳುಹಿಸಿದುದನ್ನು ಮಾತ್ರ ಕಾಣೆನು. ಡಿ.ವಿ.ಗುಂಡಪ್ಪನವರು 1945ರಲ್ಲಿ ಸ್ಥಾಪಿಸಿದ ಗೋಖಲೆ ಸಾರ್ವಜನಿಕ ವಿಚಾರ ಸಂಸ್ಥೆಯಲ್ಲಿ ಪೌರಧರ್ಮದ ಪಾಠ ಕೇಳಿಬಂದ ಊರಿದು. ಈಗ ಇಲ್ಲಿ ಪೌರಧರ್ಮವೆಂದರೆ ಕಾಲುದಾರಿಯ ಕಲ್ಲನ್ನೂ ಕೀಳುವುದು.

ಇದರೊಂದಿಗೆ ಉದ್ಯಾನದ ವಿಷಯವನ್ನೂ ಹೇಳಿಬಿಡುತ್ತೇನೆ. ಬೆಂಚು ಹೋದರೆ ಹೋಗಲಿ, ಪಾರ್ಕಿನಲ್ಲಿ ಕೂಡೋಣವೆಂದರೆ, ನಗರದ ಉದ್ಯಾನಗಳನ್ನು ಬೆಳಗಿನ 5ರಿಂದ ರಾತ್ರಿ 10ರವರೆಗೆ ತೆರೆದಿಡಬೇಕೆಂದು 2024ರಲ್ಲಿಯೇ ಅಪ್ಪಣೆಯಾಗಿದ್ದರೂ, ನಮ್ಮಲ್ಲಿ ಬೆಳಗಿನ ಹತ್ತಕ್ಕೆ ಬೀಗ ಬೀಳುವುದು. ಬಾಗಿಲಿನ ಫಲಕದಲ್ಲಿ ಹುಲ್ಲಿನ ಮೇಲೆ ಕೂಡಬಾರದು, ಚೆಂಡಾಡಬಾರದು, ತಿಂಡಿ ತಿನ್ನಬಾರದು, ಗುಂಪುಗೂಡಬಾರದೆಂದು ಬರೆದಿದೆ. ಉಸಿರಾಡುವುದರ ಬಗ್ಗೆ ಇನ್ನೂ ನಿರ್ಣಯವಾದಂತಿಲ್ಲ. ಬೀಗದ ಕೈ ಸಂಘದವರಲ್ಲಿದೆ. ಅದನ್ನು ಅವರಿಗೆ ಕೊಟ್ಟವರಾರೆಂದು ಪಾಲಿಕೆಯ ಕಚೇರಿಯಲ್ಲಿ ಕೇಳಿದರೆ, ಅದು ಸಂಘಕ್ಕೆ ಸಂಬಂಧಿಸಿದ್ದೆನ್ನುವರು. ಸಂಘದಲ್ಲಿ ಕೇಳಿದರೆ ಪಾಲಿಕೆಯ ಕಡೆಗೆ ಬೆರಳು ತೋರಿಸುವರು. ಇಂತಹ ದೂರನ್ನು ವಾರ್ಡಿನಲ್ಲಿ ಕೇಳುವವರೂ ಇಲ್ಲವಾದರು. 1992ರ ಸಂವಿಧಾನ ತಿದ್ದುಪಡಿಯು ನಗರಗಳಿಗೆ ವಾರ್ಡ್ ಸಮಿತಿಗಳನ್ನು ವಿಧಿಸಿತು. ಆದರೆ 2020ರ ಸೆಪ್ಟೆಂಬರಿನಲ್ಲಿ ಅವಧಿ ಮುಗಿದ ಕಾರ್ಪೊರೇಟರುಗಳ ಸ್ಥಾನಗಳು ಮುಂದೆ ವರ್ಷಗಟ್ಟಲೆ ಬರಿದಾಗಿಯೇ ಇದ್ದವು. 2025ರಲ್ಲಿ ಒಂದಿದ್ದ ಪಾಲಿಕೆ ಐದಾಯಿತು. ಐದರಲ್ಲಿ ಒಂದಾದರೂ, ಸಾರ್ವಜನಿಕ ಕಾಲುದಾರಿಯ ಬೆಂಚನ್ನು ಕೀಳಲು ಖಾಸಗಿ ಸಂಘವೊಂದಕ್ಕೆ ಅಪ್ಪಣೆ ಕೊಟ್ಟವರಾರೆಂದು ವಿಚಾರಿಸಬಹುದಿತ್ತು.

ಸಂಘವು ಒಳ್ಳೆಯ ಕೆಲಸವನ್ನೂ ಮಾಡಿದೆ, ಕಸವಿಂಗಡಣೆ ಮಾಡಿಸಿದೆ ಎನ್ನುವವರುಂಟು. ಮಾಡಿಸಿರಬಹುದು. ವಿಂಗಡಿಸುವ ಆ ಅಭ್ಯಾಸವು ಮನುಷ್ಯರವರೆಗೆ ಬಂದುದೇ ನನ್ನ ಆಕ್ಷೇಪ.

ಬೆಂಚುಗಳನ್ನು ಇದ್ದ ಸ್ಥಳದಲ್ಲಿಯೇ, ಸಂಘದ ಖರ್ಚಿನಲ್ಲಿ ಮರಳಿ ನೆಡಿಸಬೇಕು. ಉದ್ಯಾನದ ಬೀಗವನ್ನು ಪಾಲಿಕೆಯವರು ತಾವೇ ತೆಗೆಯಬೇಕು. ಇದನ್ನೇ ವಾರ್ಷಿಕ ಸರ್ವಸದಸ್ಯರ ಸಭೆಯಲ್ಲಿ ಎತ್ತಬೇಕೆಂದು ನಿಶ್ಚಯಿಸಿದ್ದೆನು. ಅಂತಹ ಸಭೆಯನ್ನು ವರ್ಷಕ್ಕೊಮ್ಮೆ ಕರೆಯಲೇಬೇಕೆಂದು 1960ರ ಸಂಘಗಳ ನೋಂದಣಿ ಅಧಿನಿಯಮವು ವಿಧಿಸುತ್ತದೆ. ಆದರೆ ಈ ವರ್ಷದ ಸಭೆ ಕಳೆದ ವಾರವೇ ಮುಗಿಯಿತೆಂದು ನಿನ್ನೆ ಯಾರೋ ಹೇಳಿದರು. ಸೂಚನಾಪತ್ರ ನಮ್ಮ ಬೀದಿಯ ಯಾರ ಮನೆಗೂ ಬಂದಿಲ್ಲ.

ಇತಿ ತಮ್ಮ ವಿಶ್ವಾಸಿ,
ಓರ್ವ ಹಳೆಯ ನಿವಾಸಿ
ಬೆಂಗಳೂರು