ಕಾನೂನಿನ ಮುದ್ರೆಯೊತ್ತಿದ ಕೊಡಲಿ

ಕಾಡುಗಳ್ಳರಿಂದ ಅರಣ್ಯವನ್ನು ಕಾಪಾಡಲು ಕಾನೂನು ಬೇಕೆಂಬುದರಲ್ಲಿ ಎರಡು ಮಾತಿಲ್ಲ. ಆದರೆ ಕಾನೂನನ್ನು ಕಾಯಬೇಕಾದವರೇ ಕೊಡಲಿ ಎತ್ತಿಕೊಂಡರೆ ಮೊರೆ ಹೋಗುವುದಾದರೂ ಯಾರ ಬಳಿಗೆ? ನಿಕೋಬಾರ್‌ನ ಮಳೆಕಾಡು ಇಂದು ದೇಶದ ಮುಂದಿಟ್ಟಿರುವ ಪ್ರಶ್ನೆ ಇದು.

ನಮ್ಮಲ್ಲಿ ಕಾನೂನಿಗೆ ಬರವಿಲ್ಲ. ಕೇಂದ್ರದ ಅನುಮತಿಯಿಲ್ಲದೆ ಅರಣ್ಯಭೂಮಿಯನ್ನು ಅನ್ಯ ಉದ್ದೇಶಕ್ಕೆ ಬಳಸದಂತೆ 1980ರ ಅರಣ್ಯ ಸಂರಕ್ಷಣಾ ಕಾಯ್ದೆಯು ರಾಜ್ಯಗಳ ಕೈ ಕಟ್ಟಿತು. ಒಡೆತನ ಯಾರದೇ ಇರಲಿ, ಕಾಡು ಕಾಡೇ ಎಂದು ಸುಪ್ರೀಮ್ ಕೋರ್ಟು 1996ರಲ್ಲಿ ಗೋದಾವರ್ಮನ್ ಪ್ರಕರಣದಲ್ಲಿ ಸಾರಿತು. ಅದೇ ಪ್ರಕರಣದಲ್ಲಿ 2002ರಲ್ಲಿ ನೀಡಿದ ಆದೇಶವು ಅಂಡಮಾನ್ ಮತ್ತು ನಿಕೋಬಾರ್ ದ್ವೀಪಗಳ ವಾಣಿಜ್ಯ ಮರಕಡಿತಕ್ಕೆ ಕಡಿವಾಣ ಹಾಕಿತು.

ಗುತ್ತಿಗೆದಾರರಿಗೆ ಮುಚ್ಚಿದ ಆ ಬಾಗಿಲು ಸರಕಾರಕ್ಕೆ ಮಾತ್ರ ತೆರೆದುಕೊಂಡಿದೆ. ಗ್ರೇಟ್ ನಿಕೋಬಾರ್‌ನಲ್ಲಿ ಬಂದರು, ವಿಮಾನ ನಿಲ್ದಾಣ, ವಿದ್ಯುತ್ ಸ್ಥಾವರ ಮತ್ತು ನಗರವನ್ನು ನಿರ್ಮಿಸಲು ಸುಮಾರು 130 ಚದರ ಕಿಲೋಮೀಟರ್ ಅರಣ್ಯವನ್ನು ಬಿಟ್ಟುಕೊಡಲು 2022ರಲ್ಲಿ ತಾತ್ವಿಕ ಒಪ್ಪಿಗೆ ದೊರೆಯಿತು. ಸುಮಾರು 9.64 ಲಕ್ಷ ಮರಗಳು ಉರುಳಬಹುದೆಂದು 2023ರಲ್ಲಿ ಸರಕಾರವೇ ಸಂಸತ್ತಿಗೆ ತಿಳಿಸಿತು. ಕಡಲಾಮೆಗಳು ಮೊಟ್ಟೆಯಿಡುವ ಗಲಾತಿಯಾ ಕೊಲ್ಲಿಯ ವನ್ಯಧಾಮವನ್ನು 2021ರಲ್ಲೇ ರದ್ದುಪಡಿಸಲಾಗಿತ್ತು. ಇದಾವುದೂ ಕಾನೂನು ಮುರಿದು ನಡೆದುದಲ್ಲ, ಕಾನೂನಿನ ಮುದ್ರೆಯೊತ್ತಿಯೇ ನಡೆದುದು. ಪರಿಹಾರವಾಗಿ ಸಸಿ ನೆಡಲು ಆರಿಸಿಕೊಂಡದ್ದು ದೂರದ ಹರಿಯಾಣವನ್ನು! ಸಮುದ್ರದ ನಡುವಣ ಮಳೆಕಾಡಿಗೆ ಬಯಲುನಾಡಿನ ಸಸಿ ಬದಲಿಯಾದೀತೇ?

ದೇಶದ ಭದ್ರತೆ, ಅಭಿವೃದ್ಧಿ ಎಂಬ ಉತ್ತರ ಸಿದ್ಧವಾಗಿಯೇ ಇದೆ. ಭದ್ರತೆಯ ಅಗತ್ಯವನ್ನು ನಾವು ಅಲ್ಲಗಳೆಯುವುದಿಲ್ಲ. ಆದರೆ ಆ ಕಾಡಿನಲ್ಲೇ ಬಾಳುವ ಶೋಂಪೆನ್ ಮತ್ತು ನಿಕೋಬಾರಿ ಜನರು ಈ ದೇಶದವರಲ್ಲವೇ? ಯೋಜನೆಗೆ ಮೊದಲು ನೀಡಿದ್ದ ಒಪ್ಪಿಗೆಯನ್ನು ಅಲ್ಲಿನ ಬುಡಕಟ್ಟು ಮಂಡಳಿಯು 2022ರ ನವೆಂಬರ್‌ನಲ್ಲಿ ಹಿಂತೆಗೆದುಕೊಂಡಿತು. 2006ರ ಅರಣ್ಯ ಹಕ್ಕು ಕಾಯ್ದೆಯು ಅರಣ್ಯವಾಸಿಗಳಿಗೆ ಕೊಟ್ಟ ಮಾತಿಗೆ ಬೆಲೆಯಿದ್ದರೆ ಆ ದನಿಯನ್ನು ಆಲಿಸಬೇಕಿತ್ತು.

‘ಅಲ್ಲಿ ನಮ್ಮವರಾರೂ ಇಲ್ಲ, ನಮಗೇಕೆ ಈ ಉಸಾಬರಿ?’ ಎನ್ನುವವರು ನಮ್ಮ ಸಮುದಾಯದಲ್ಲೂ ಇದ್ದಾರೆ. ಮದೀನಾದ ಸುತ್ತಲಿನ ಪ್ರದೇಶವನ್ನು ಪವಿತ್ರವೆಂದು ಘೋಷಿಸಿ, ಅಲ್ಲಿನ ಮರಗಳನ್ನು ಕಡಿಯಬಾರದೆಂದು ಪ್ರವಾದಿ(ಸ) ವಿಧಿಸಿದ್ದನ್ನು ಅವರು ನೆನಪಿಸಿಕೊಳ್ಳಲಿ. ಭೂಮಿಯು ಅಲ್ಲಾಹನ ಅಮಾನತ್. ಆಳುವವರು ಅದರ ಕಾವಲುಗಾರರೇ ಹೊರತು ಒಡೆಯರಲ್ಲ, ನಾವೂ ಅಲ್ಲ. ನಮ್ಮ ಮೇಲಿನ ಅನ್ಯಾಯಕ್ಕೆ ಮಾತ್ರ ಬಾಯಿ ತೆರೆಯುವ ಸಮುದಾಯವು ನ್ಯಾಯದ ವಕ್ತಾರನೆನಿಸಿಕೊಳ್ಳಲಾರದು.

ಆದುದರಿಂದ ಈ ವಿಷಯ ಜುಮಾ ಖುತ್ಬಾಗಳಲ್ಲಿ ಕೇಳಿಬರಲಿ, ಮತ ಕೇಳಲು ಬರುವವರ ಮುಂದೆಯೂ ಬರಲಿ. ಕಡಿಯುವವನೇ ಅನುಮತಿ ಕೊಡುವವನೂ ಆಗಿರುವಲ್ಲಿ ಕಾನೂನಿಗೆ ಉಳಿದಿರುವ ಕಾವಲು ಪ್ರಜೆಗಳ ಎಚ್ಚರವೊಂದೇ.